ಮಳೆ ಹಿಡಿದ ಭಾನುವಾರ, ಪಣವಿಲ್ಲದ ಆಟ

2024ರ ಜೂನ್ 2, ಭಾನುವಾರ. ಬೆಂಗಳೂರಿನಲ್ಲಿ ಅಂದು 111.1 ಮಿಲಿಮೀಟರ್ ಮಳೆ ಸುರಿಯಿತು. ಜೂನ್ ತಿಂಗಳಲ್ಲಿ ಒಂದೇ ದಿನ ಊರು ಅಷ್ಟು ಮಳೆ ಕಂಡದ್ದು 133 ವರ್ಷಗಳಲ್ಲಿ ಅದೇ ಮೊದಲು. ಹಿಂದಿನ ದಾಖಲೆ 1891ರ ಜೂನ್ 16ರ 101.6 ಮಿಲಿಮೀಟರ್. ಮರಗಳು ಉರುಳಿದವು, ಅಂಡರ್‌ಪಾಸುಗಳಲ್ಲಿ ನೀರು ನಿಂತಿತು, ಹಳಿಯ ಮೇಲೆ ಮರ ಬಿದ್ದು ಮೆಟ್ರೊ ಕೂಡ ಕೆಲ ಹೊತ್ತು ತಡವರಿಸಿತು. ಪತ್ರಿಕೆಗಳಲ್ಲಿ ಮರುದಿನ ಬಂದದ್ದು ಇಷ್ಟು. ಬಾರದೆ ಉಳಿದದ್ದು, ಆ ಸಂಜೆ ಲಕ್ಷಾಂತರ ಮನೆಗಳ ಹಾಲ್‌ಗಳಲ್ಲಿ ಎದ್ದ ಇನ್ನೊಂದು ಬಗೆಯ ಗಲಾಟೆ.

ಅಂಥ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಮೂರನೇ ಮಹಡಿ, ಎರಡು ಬೆಡ್‌ರೂಮು. ಬಾಲ್ಕನಿಯ ಬಟ್ಟೆಗಳೆಲ್ಲ ಒಳಗೆ ಬಂದು ಕುರ್ಚಿಗಳ ಬೆನ್ನೇರಿವೆ. ಐದು ವರ್ಷದ ಹುಡುಗ ಸೋಫಾದ ಕೈಮೇಲಿಂದ ನೆಲಕ್ಕೆ ಧುಮುಕುತ್ತಿದ್ದಾನೆ, ಮತ್ತೆ ಹತ್ತುತ್ತಿದ್ದಾನೆ, ಮತ್ತೆ ಧುಮುಕುತ್ತಿದ್ದಾನೆ. ಕೆಳಗಿನ ಮನೆಯವರ ಫೋನು ಬರುವ ಹೊತ್ತಾಯಿತು. ಎಂಟು ವರ್ಷದ ಅಕ್ಕ ಕಿಟಕಿಯ ಗಾಜಿಗೆ ಮೂಗೊತ್ತಿ ನಿಂತು, "ಅಮ್ಮಾ, ಬೋರಾಗ್ತಿದೆ" ಅನ್ನುತ್ತಾಳೆ. ಅಡುಗೆಮನೆಯಿಂದ ಉತ್ತರ ಬರುವುದಿಲ್ಲ. ಅಪ್ಪ ಮೊಬೈಲಿನಲ್ಲಿ ಏನೋ ಹುಡುಕುತ್ತಿದ್ದಾರೆ: ಮಳೆ ದಿನ ಮನೆಯೊಳಗೆ ಮಕ್ಕಳಿಗೆ ಏನು ಮಾಡಿಸಬಹುದು?

ಉತ್ತರಗಳಿಗೇನೂ ಬರವಿಲ್ಲ. ಕಾಗದ ಮಡಚಿಸಿ, ಬೆರಳ ಚುರುಕು ಹೆಚ್ಚುತ್ತದೆ. ಹೆಸರುಕಾಳು, ರಾಜ್ಮಾ ಬೆರೆಸಿ ಕೊಟ್ಟು ಬೇರೆ ಮಾಡಿಸಿ, ಏಕಾಗ್ರತೆ ಬರುತ್ತದೆ. ಒಗಟು ಬಿಡಿಸಿ, ಬುದ್ಧಿ ಬೆಳೆಯುತ್ತದೆ. ಹೊರಗೆ ಹೋಗುವುದಾದರೆ ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಇದೆ, ನೆಹರೂ ತಾರಾಲಯ ಇದೆ, ಗಂಟೆಗಿಷ್ಟು ಎಂದು ದುಡ್ಡು ಕಿತ್ತುಕೊಳ್ಳುವ ಮಾಲುಗಳ ಆಟದ ಮೂಲೆಗಳಿವೆ. ಅಲ್ಲಿಗೆ ತಲುಪುವಷ್ಟರಲ್ಲಿ ಭಾನುವಾರ ಮುಗಿದಿರುತ್ತದೆ ಎಂಬುದು ಬೆಂಗಳೂರಿಗರಿಗೆ ಹೇಳಿಕೊಡಬೇಕಾದ ಮಾತಲ್ಲ. ಈ ಸಲಹೆಗಳಲ್ಲಿ ಒಂದು ಸಂಗತಿ ಎದ್ದು ಕಾಣುತ್ತದೆ: ಪ್ರತಿ ಆಟದ ಬಾಲಕ್ಕೂ ಒಂದೊಂದು ಪ್ರಯೋಜನ ಕಟ್ಟಿದೆ. ಆಟ ಎಂಬ ಮಾತೇ ಸವೆದು ಆ ಜಾಗಕ್ಕೆ 'ಆಕ್ಟಿವಿಟಿ' ಬಂದು ಕೂತಿದೆ. ಮಗು ಸುಮ್ಮನೆ ಆಡಿದರೆ ಹೊತ್ತು ದಂಡ, ಏನಾದರೂ ಕಲಿತರೆ ಲಾಭ.

ಆಟಕ್ಕೊಂದು ಪ್ರಯೋಜನ ಇರಲೇಬೇಕೇ? ಪ್ರಶ್ನೆ ಹಳೆಯದು, ಸಣ್ಣದೂ ಅಲ್ಲ. ವೇದಾಂತಿಗಳು ಇದನ್ನು ಸೃಷ್ಟಿಯ ವಿಚಾರದಲ್ಲೇ ಎತ್ತಿದ್ದಾರೆ.

ಬಾದರಾಯಣರ ಬ್ರಹ್ಮಸೂತ್ರದ ಎರಡನೇ ಅಧ್ಯಾಯದಲ್ಲಿ ಒಂದು ಆಕ್ಷೇಪ ಬರುತ್ತದೆ. ಯಾರಾದರೂ ಒಂದು ಕೆಲಸಕ್ಕೆ ಕೈಹಾಕುವುದು ಏನೋ ಬೇಕಾಗಿರುವುದರಿಂದ. ಪೂರ್ಣನಾದ ಬ್ರಹ್ಮನಿಗೆ ಬೇಕಾದದ್ದು ಯಾವುದೂ ಇಲ್ಲ. ಹಾಗಾದರೆ ಅವನು ಜಗತ್ತನ್ನು ಸೃಷ್ಟಿಸಿದ್ದಾದರೂ ಯಾಕೆ? ಮೊದಲ ಪಾದದ 33ನೇ ಸೂತ್ರದಲ್ಲಿ ಉತ್ತರವಿದೆ: ಲೋಕದಲ್ಲಿ ಕಾಣುವ ಹಾಗೆ, ಇದು ಬರೀ ಲೀಲೆ. ಚಿಕ್ಕ ಸೂತ್ರ. 'ಲೋಕದಲ್ಲಿ ಕಾಣುವ ಹಾಗೆ' ಎಂದರೆ ಯಾವ ಹಾಗೆ ಎಂದು ಮೂವರು ಆಚಾರ್ಯರು ಮೂರು ಚಿತ್ರ ಕೊಟ್ಟರು. ಮೂವರ ಹೆಸರೂ ಕನ್ನಡ ನೆಲದ ಮೂರು ಊರುಗಳಿಗೆ ಅಂಟಿಕೊಂಡಿದೆ.

ಶೃಂಗೇರಿಯ ಪರಂಪರೆಯ ಮೂಲಪುರುಷ ಶಂಕರರು ಹೇಳುತ್ತಾರೆ: ಬಯಸಿದ್ದೆಲ್ಲ ಕೈಗೂಡಿದ ರಾಜನೊಬ್ಬ ವಿಹಾರದಲ್ಲಿ ತೊಡಗುತ್ತಾನಲ್ಲ, ಹಾಗೆ, ಅಥವಾ ಉಸಿರು ತನ್ನಷ್ಟಕ್ಕೆ ಆಡುತ್ತದಲ್ಲ, ಹಾಗೆ. ಮೇಲುಕೋಟೆಯಲ್ಲಿ ವರ್ಷಗಟ್ಟಲೆ ನೆಲೆಸಿದ್ದ ರಾಮಾನುಜರ ರಾಜ ಇನ್ನೂ ದೊಡ್ಡವನು. ಏಳು ದ್ವೀಪಗಳ ಭೂಮಿಯನ್ನೇ ಆಳುವ ಆ ಶೂರ ಸುಮ್ಮನೆ ಚೆಂಡಾಡುತ್ತಾನೆ. ಉಡುಪಿಯ ಮಧ್ವರದು ಮೂವರಲ್ಲೂ ದಿಟ್ಟ ಚಿತ್ರ. ಅವರಿಗೆ ರಾಜನೂ ಬೇಡ, ಚೆಂಡೂ ಬೇಡ. ಮತ್ತೇರಿದವನೊಬ್ಬ ಸುಖ ಉಕ್ಕಿ ಹಾಡುತ್ತಾನೆ, ಕುಣಿಯುತ್ತಾನೆ. ಅದರಿಂದ ಏನೋ ಸಿಗಲಿ ಎಂದಲ್ಲ. ಕಟ್ಟುನಿಟ್ಟಿನ ಆಚಾರಕ್ಕೆ ಹೆಸರಾದ ಪರಂಪರೆಯ ಮೂಲದಲ್ಲೇ ಈ ಹೋಲಿಕೆ ಕೂತಿರುವುದು ಸೊಗಸಾಗಿದೆ. ಸೋಫಾದಿಂದ ಧುಮುಕುವ ಐದು ವರ್ಷದವನಿಗೆ ತುಂಬ ಹತ್ತಿರವಾದ ಭಾಷ್ಯವೂ ಇದೇ.

ಮಳೆಯನ್ನೂ ಲೀಲೆಯನ್ನೂ ಒಂದೇ ಚಿತ್ರದಲ್ಲಿ ಕಟ್ಟಿಕೊಟ್ಟದ್ದು ಭಾಗವತ. ಇಂದ್ರನ ಸಿಟ್ಟಿಗೆ ಗೋಕುಲದ ಮೇಲೆ ಏಳು ದಿನ ಎಡೆಬಿಡದ ಮಳೆ. ಊರಿಗೆ ಊರೇ, ದನಕರುಗಳ ಸಮೇತ, ಒಂದೇ ಸೂರಿನಡಿ. ಆ ಸೂರು ಗೋವರ್ಧನ ಗಿರಿ, ಎತ್ತಿ ಹಿಡಿದವನು ಒಬ್ಬ ಹುಡುಗ. ಮಕ್ಕಳು ಅಣಬೆ ಕಿತ್ತು ಹಿಡಿಯುವಷ್ಟು ಸಲೀಸಾಗಿ ಬೆಟ್ಟವನ್ನು ಹಿಡಿದ ಎನ್ನುತ್ತಾನೆ ಭಾಗವತಕಾರ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಗೋಡೆಯಲ್ಲಿ ಆ ಬೆಟ್ಟವಿದೆ. ಮೇಲೆ ಮರ, ಮೃಗಗಳ ಸಂತೆ; ಕೆಳಗೆ ಕೃಷ್ಣ, ಸುತ್ತ ದನ, ಜನ. ಮಳೆಯ ಭಯವಾಗಲಿ ಬೆಟ್ಟದ ಭಾರವಾಗಲಿ ಅವನ ಮುಖದಲ್ಲಿ ಕಾಣುವುದಿಲ್ಲ.

ಇಷ್ಟಕ್ಕೇ ಮಾತು ಮುಗಿದಿದ್ದರೆ ಮಕ್ಕಳ ಪರ ತೀರ್ಪು ಸುಲಭವಾಗುತ್ತಿತ್ತು. ಆದರೆ ಎದುರು ಪಕ್ಷವೂ ಬಲವಾಗಿದೆ.

ದೀಘನಿಕಾಯದ ಮೊದಲ ಸುತ್ತವಾದ ಬ್ರಹ್ಮಜಾಲದಲ್ಲಿ, ಬುದ್ಧ ಯಾವ ಯಾವ ಆಟಗಳಿಂದ ದೂರವಿದ್ದ ಎಂಬುದರ ಉದ್ದ ಪಟ್ಟಿ ಇದೆ. ಎಂಟು ಸಾಲಿನ ಮಣೆ, ಹತ್ತು ಸಾಲಿನ ಮಣೆ. ಮಣೆಯೇ ಇಲ್ಲದೆ ಆಕಾಶದಲ್ಲಿ ಗೆರೆ ಊಹಿಸಿಕೊಂಡು ಆಡುವ ಆಟ. ನೆಲದ ಮೇಲೆ ಗೆರೆ ಎಳೆದು, ತುಳಿಯದೆ ದಾಟುವ ಆಟ. ನಮ್ಮ ಕುಂಟೆಬಿಲ್ಲೆಯ ಅಜ್ಜಿಯೇ ಇರಬೇಕು. ರಾಶಿಯಿಂದ ಒಂದೊಂದೇ ಕಡ್ಡಿಯನ್ನು ಮಿಕ್ಕವು ಅಲುಗದಂತೆ ಎತ್ತುವುದು, ದಾಳ, ಚಿನ್ನಿದಾಂಡಿನಂಥದು, ಚೆಂಡು, ಎಲೆಯ ಪೀಪಿ, ಆಟಿಕೆ ನೇಗಿಲು, ಲಾಗ ಹಾಕುವುದು, ಎಲೆಯ ಗಿರಗಿಟ್ಟೆ, ಆಟಿಕೆ ಗಾಡಿ, ಆಟಿಕೆ ಬಿಲ್ಲು, ಗಾಳಿಯಲ್ಲೋ ಬೆನ್ನ ಮೇಲೋ ಬರೆದ ಅಕ್ಷರ ಹೇಳುವುದು, ಎದುರಿಗಿರುವವರ ಮನಸ್ಸಿನಲ್ಲಿ ಏನಿದೆ ಎಂದು ಊಹಿಸುವುದು. ಎರಡು ಸಾವಿರ ವರ್ಷಗಳಿಗೂ ಹಿಂದಿನ ಈ ನಿಷೇಧದ ಪಟ್ಟಿಯನ್ನು ತಲೆಕೆಳಗು ಮಾಡಿದರೆ ಮಳೆ ದಿನಕ್ಕೆ ಹೇಳಿ ಮಾಡಿಸಿದ ಕೈಪಿಡಿ ಸಿಗುತ್ತದೆ. ದುಡ್ಡಿಲ್ಲ, ಕರೆಂಟಿಲ್ಲ, ಚಾರ್ಜರ್ ಬೇಕಿಲ್ಲ. ಬೇಡ ಎಂದವರೇ ಇಷ್ಟು ಜೋಪಾನವಾಗಿ ದಾಖಲಿಸಿಟ್ಟದ್ದು ನಮ್ಮ ಪುಣ್ಯ.

ಆಟ ಬಿಟ್ಟ ಆ ಭಿಕ್ಷುಗಳು ಮಳೆಗಾಲವನ್ನು ಹೇಗೆ ಕಳೆದರು? ವಿನಯಪಿಟಕದಲ್ಲಿ ಕಥೆಯಿದೆ. ಮೊದಲು ಅವರು ಮಳೆಯಲ್ಲೂ ಊರೂರು ಸುತ್ತುತ್ತಿದ್ದರು. ಜನ ಗೊಣಗಿದರು: ಹಕ್ಕಿಗಳು ಕೂಡ ಮರದ ತುದಿಯಲ್ಲಿ ಗೂಡು ಕಟ್ಟಿ ಮಳೆಗಾಲ ಕಳೆಯುತ್ತವೆ, ಇವರೋ ಹಸಿರನ್ನು ತುಳಿಯುತ್ತ, ಸಣ್ಣ ಜೀವಗಳನ್ನು ಸಾಯಿಸುತ್ತ ತಿರುಗುತ್ತಾರಲ್ಲ. ಆಗ ಬುದ್ಧ ಮೂರು ತಿಂಗಳ ವರ್ಷಾವಾಸವನ್ನು ವಿಧಿಸಿದ. ಜೈನರಲ್ಲೂ ಇದು ಕಡ್ಡಾಯ. ಮಹಾವೀರ ಎಲ್ಲೆಲ್ಲಿ ಎಷ್ಟು ಮಳೆಗಾಲ ಕಳೆದ ಎಂದು ಕಲ್ಪಸೂತ್ರ ಲೆಕ್ಕ ಕೊಡುತ್ತದೆ. ಚಂಪೆಯಲ್ಲಿ 3, ಮಿಥಿಲೆಯಲ್ಲಿ 6, ರಾಜಗೃಹ ಮತ್ತು ನಾಲಂದದಲ್ಲಿ 14, ಹೀಗೆ ಒಟ್ಟು 42. ನಮ್ಮ ಮಠಗಳಲ್ಲಿ ಸ್ವಾಮಿಗಳು ವ್ಯಾಸಪೂರ್ಣಿಮೆಗೆ ಚಾತುರ್ಮಾಸ್ಯ ಕೂರುವುದೂ ಇದೇ ಮನೆತನದ ಆಚರಣೆ. ಪಕ್ಷವನ್ನೇ ಮಾಸವೆಂದು ಎಣಿಸಿ ಈಗ ಹಲವರು ಎರಡು ತಿಂಗಳಿಗೆ ಮುಗಿಸುತ್ತಾರೆ.

ಮೂರು ತಿಂಗಳು ಒಂದೇ ಕಡೆ, ಅದೇ ಮುಖಗಳು. ಜಗಳವಾಗದೇ ಇರುತ್ತದೆಯೇ? ಕೋಸಲ ದೇಶದ ಕೆಲವು ಭಿಕ್ಷುಗಳು ಜಾಣ ಉಪಾಯವೊಂದನ್ನು ಹೂಡಿದರು: ಮಾತೇ ಆಡುವುದು ಬೇಡ. ಯಾರು ಮೊದಲು ಬಂದರೋ ಅವರು ನೀರಿಟ್ಟು ಆಸನ ಹಾಸುವುದು, ಕೊನೆಗೆ ಬಂದವರು ಎತ್ತಿಡುವುದು, ಎಲ್ಲವೂ ಕೈಸನ್ನೆಯಲ್ಲಿ. ಮಳೆಗಾಲ ಮುಗಿಸಿ ಬುದ್ಧನ ಬಳಿಗೆ ಹೋಗಿ, ಯಾವ ಜಗಳವೂ ಇಲ್ಲದೆ ಸುಖವಾಗಿದ್ದೆವು ಎಂದು ಹೆಮ್ಮೆಯಿಂದ ಹೇಳಿಕೊಂಡರು. ಮೆಚ್ಚುಗೆಯ ಬದಲು ಬೈಗುಳ ಸಿಕ್ಕಿತು. ಹಟ್ಟಿಯ ಪಶುಗಳ ಹಾಗೆ ಒಟ್ಟಿಗೆ ಇದ್ದು ಬಂದಿರಿ, ಅದನ್ನೇ ಸುಖ ಎನ್ನುತ್ತೀರಿ ಎಂದ ಬುದ್ಧ. ವರ್ಷಾವಾಸದ ಕೊನೆಯಲ್ಲಿ ಎಲ್ಲರೂ ಸೇರಿ, ನನ್ನಲ್ಲಿ ಏನು ತಪ್ಪು ಕಂಡಿರಿ, ಹೇಳಿ ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುವ 'ಪವಾರಣಾ' ಹುಟ್ಟಿದ್ದು ಈ ಪ್ರಸಂಗದಿಂದ.

ಮಳೆ ಹಿಡಿದ ಸಂಜೆ ನಾಲ್ವರು ನಾಲ್ಕು ಪರದೆ ಹಿಡಿದು ಒಂದೇ ಹಾಲ್‌ನಲ್ಲಿ ಕೂತಿರುವ ಮನೆಯಲ್ಲೂ ಜಗಳ ಇರುವುದಿಲ್ಲ. ಮೊಬೈಲನ್ನು ಬೈಯುವುದು ಇವತ್ತು ಪತ್ರಿಕಾ ಬರಹದ ಸವಕಲು ಚಟ, ಆ ದಾರಿ ಬೇಡ. ಕೋಸಲದ ಭಿಕ್ಷುಗಳಿಗೂ ಮೊಬೈಲ್ ಇರಲಿಲ್ಲ. ಜಗಳದ ಸಾಧ್ಯತೆಯನ್ನೇ ತೆಗೆದುಹಾಕಿದರೆ ಜೊತೆಗಿರುವುದೂ ಅದರೊಂದಿಗೇ ಹೋಗುತ್ತದೆ ಎಂಬುದು ಅವರ ವಿಷಯದಲ್ಲಿ ಬುದ್ಧನ ತಕರಾರು. ಅವನು ಬೇಡವೆಂದ ಆಟಗಳು ಮನೆಗಳಲ್ಲಿ ಉಳಿಸಿಕೊಡುವುದು ಹೆಚ್ಚುಕಮ್ಮಿ ಆ ಸಾಧ್ಯತೆಯನ್ನೇ: ನಾಲ್ಕು ಜನರನ್ನು ಒಂದು ಚೌಕದ ಸುತ್ತ ಕೂರಿಸಿ, ಜಗಳಕ್ಕೆ ಬೇಕಾದಷ್ಟು ಅವಕಾಶ ಕೊಡುವುದು.

ಹಾಗಿದ್ದರೆ ಆಟವನ್ನೇ ಧರ್ಮಕ್ಕೆ ದುಡಿಸಿಕೊಂಡರೆ? ಆ ಪ್ರಯತ್ನವೂ ನಡೆದಿದೆ, ಅದರ ಅವಶೇಷ ಇವತ್ತು ಪ್ರತಿ ಅಂಗಡಿಯಲ್ಲಿ ಹಾವು ಏಣಿ ಎಂಬ ಹೆಸರಿನಲ್ಲಿ ಸಿಗುತ್ತದೆ. ಪರಮಪದ ಸೋಪಾನ ಪಟ, ಮೋಕ್ಷಪಟ, ಜ್ಞಾನ ಚೌಪಡ್, ವೈಕುಂಠಪಾಳಿ ಎಂದು ಸೀಮೆಗೊಂದು ಹೆಸರು. ವೈಷ್ಣವರ 72 ಮನೆಗಳ ಪಟ, ಜೈನರ 84 ಮನೆಗಳ ಪಟ, ಸೂಫಿಗಳ 100 ಮನೆಗಳ ಪಟ ಎಲ್ಲವೂ ಇದ್ದವು. ಉಳಿದಿರುವ ಹಳೆಯ ಪಟಗಳು 18ನೇ ಶತಮಾನದವು. ಹದಿಮೂರನೇ ಶತಮಾನದ ಸಂತ ಜ್ಞಾನದೇವರೇ ಇದನ್ನು ಮಾಡಿದ್ದೆಂಬುದು ಜನ ನಂಬಿಕೊಂಡು ಬಂದ ಮಾತು. ಏಣಿಯ ಬುಡದಲ್ಲಿ ದಾನ, ಭಕ್ತಿ, ವೈರಾಗ್ಯ. ಹಾವಿನ ಬಾಯಲ್ಲಿ ಕ್ರೋಧ, ಲೋಭ, ಅಹಂಕಾರ. ತುದಿಯಲ್ಲಿ ವೈಕುಂಠ, ಜೈನರಿಗಾದರೆ ಸಿದ್ಧಶಿಲೆ. ವೈಕುಂಠ ಏಕಾದಶಿಯ ಜಾಗರಣೆಯಲ್ಲಿ ನಿದ್ದೆ ತಡೆಯಲು ಶ್ರೀವೈಷ್ಣವ ಮನೆಗಳಲ್ಲಿ ಇದನ್ನು ಬಿಡಿಸಿ ಆಡುವ ರೂಢಿ ಇತ್ತು. 1890ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾಗಿ, ವಿಕ್ಟೋರಿಯಾ ಕಾಲದ ಸದ್ಗುಣಗಳನ್ನು ಹೊತ್ತು, ಆಮೇಲೆ ಅವನ್ನೂ ಕಳಚಿ, ಬರೀ ಹಾವು ಮತ್ತು ಏಣಿಯಾಗಿ ಅದು ತಿರುಗಿ ಬಂತು. ಅಮೆರಿಕದಲ್ಲಿ 1943ರಲ್ಲಿ ಹಾವುಗಳೂ ಮಾಯವಾಗಿ ಜಾರುಬಂಡಿಗಳಾದವು.

ಪಾಠ ಹೇಳಲೆಂದೇ ಹುಟ್ಟಿದ ಈ ಆಟ ಪಾಠ ಹೇಳುವುದರಲ್ಲೇ ಎಡವುತ್ತದೆ ಎಂಬುದನ್ನು ಎಂಟು ವರ್ಷದ ಹುಡುಗಿ ಸುಲಭವಾಗಿ ಹಿಡಿಯುತ್ತಾಳೆ. "ಅಜ್ಜಿ, ನಾನು ದಾನ ಮಾಡ್ಲೇ ಇಲ್ವಲ್ಲ, ಮತ್ತೆ ಹೇಗೆ ಮೇಲೆ ಹೋದೆ?" ನಿಜವೇ. ಈ ಆಟದಲ್ಲಿ ಆಡುವವರು ಆಯ್ದುಕೊಳ್ಳುವುದು ಏನೂ ಇಲ್ಲ. ದಾಳ ಹೇಳಿದಷ್ಟು ಮನೆ ನಡೆಯಬೇಕು, ಅಷ್ಟೆ. ದಾಳ ಹಾಕಲು ಕೈಯನ್ನು ಮಾತ್ರ ಕೊಟ್ಟು ಆಡುವವರು ನಿದ್ದೆ ಮಾಡಬಹುದು. ಗಣಿತಜ್ಞರಿಗೆ ಇದು ಇಷ್ಟವಾಗುವುದೂ ಅದಕ್ಕೇ: ಮುಂದಿನ ನಡೆ ಈಗ ನಿಂತ ಮನೆಯನ್ನಷ್ಟೇ ಅವಲಂಬಿಸುತ್ತದೆ, ಅಲ್ಲಿಗೆ ಯಾವ ದಾರಿಯಲ್ಲಿ ಬಂದಿರಿ ಎಂಬುದನ್ನಲ್ಲ. ಮಾರ್ಕೋವ್ ಸರಪಳಿ ಎಂಬ ಲೆಕ್ಕಕ್ಕೆ ಪಾಠದ ಉದಾಹರಣೆಯೇ ಈ ಆಟ. ಅಮೆರಿಕದ ಆ ಜಾರುಬಂಡಿ ಪಟದಲ್ಲಿ ಒಬ್ಬರೇ ಆಡಿದರೆ 100 ಮುಟ್ಟಲು ಸರಾಸರಿ 39, 40 ನಡೆ ಬೇಕು; ಅದೃಷ್ಟ ಕೈಹಿಡಿದರೆ ಏಳೇ ಸಾಕು.

ಕರ್ಮಸಿದ್ಧಾಂತ ಹೇಳುವುದು ಇದಕ್ಕೆ ತದ್ವಿರುದ್ಧ. ಅಲ್ಲಿ ಏನೂ ಮರೆತುಹೋಗುವುದಿಲ್ಲ. ದಾಳಕ್ಕೆ ನೆನಪೇ ಇಲ್ಲ. ಹಿಂದಿನ ಸಲ ಆರು ಬಿದ್ದದ್ದು ಅದಕ್ಕೆ ಗೊತ್ತಿಲ್ಲ. ಹಾಗಾದರೆ ಕರ್ಮವನ್ನು ಕಲಿಸಲು ಕರ್ಮವೇ ಇಲ್ಲದ ಆಟವನ್ನು ಕಟ್ಟಿದರೇ ಹಿರಿಯರು? ಅಜ್ಜಿಯ ಪರವಾಗಿ ಒಂದು ಮಾತು ಹೇಳಬಹುದು. ದಾಳಕ್ಕೆ ನೆನಪಿಲ್ಲದಿದ್ದರೂ ಪಟಕ್ಕಿದೆ. ಕಾಯಿ ನಿಂತ ಮನೆಯೇ ಅದು. ಹಿಂದಿನ ನಡೆಗಳೆಲ್ಲ ಸೇರಿ ತಂದು ನಿಲ್ಲಿಸಿದ ಜಾಗ. ಸಂಚಿತ ಕರ್ಮ ಎನ್ನುವುದು ಅದನ್ನೇ ಅಲ್ಲವೇ. ಏರಿದ್ದು ಯಾಕೆಂದು ನೆನಪಿಲ್ಲದೆ ಏರಿದವಳಿಗೆ ಅಜ್ಜಿ ಹೇಳುವ ಉತ್ತರವೂ ಅದೇ: "ಹೋದ ಜನ್ಮದಲ್ಲಿ ಮಾಡಿದ್ದೆ ಬಿಡು." ಹುಡುಗಿಗೆ ಸಮಾಧಾನವಾಗುವುದಿಲ್ಲ, ಆದರೂ ಮುಂದಿನ ದಾಳಕ್ಕೆ ಕೈ ಚಾಚುತ್ತಾಳೆ. ವೈರಾಗ್ಯದ ಮನೆಗೆ ಬಂದು ಬಿದ್ದವನು ಕುಣಿದು ಕೇಕೆ ಹಾಕುವುದನ್ನು ನೋಡಿದರೆ ಸಾಕು, ಆಟ ಪಾಠವನ್ನು ಎಂದೋ ನುಂಗಿ ನೀರು ಕುಡಿದಿದೆ.

ಚೌಕಾಬಾರದ ಸಂಗತಿ ಬೇರೆ. ಅದಕ್ಕೆ ಅಂಗಡಿಯ ಪಟವೂ ಬೇಡ. ನೆಲದ ಟೈಲ್ಸ್ ಮೇಲೆ ಸೀಮೆಸುಣ್ಣದಲ್ಲಿ ಐದಕ್ಕೆ ಐದು ಮನೆ. ನಾಲ್ಕು ಪಕ್ಕಗಳ ನಡುಮನೆಗೂ ಒಳಗಿನ ನಟ್ಟನಡು ಮನೆಗೂ ಅಡ್ಡಗೆರೆ ಎಳೆದು ಕಟ್ಟೆ ಮಾಡಿದರಾಯಿತು. ಕವಡೆ ಇದ್ದರೆ ಒಳ್ಳೆಯದು. ಫ್ಲ್ಯಾಟುಗಳಲ್ಲಿ ಕವಡೆ ಎಲ್ಲಿಂದ ಬರಬೇಕು? ಡಬ್ಬಿಯ ಹುಣಸೆಹಣ್ಣಿನಲ್ಲಿ ತಪ್ಪಿ ಉಳಿದ ನಾಲ್ಕು ಬೀಜ ಸಾಕು. ಬಾಲ್ಕನಿಯ ಒರಟು ಸಿಮೆಂಟಿಗೆ ಒಂದು ಮಗ್ಗುಲನ್ನು ತೇಯುತ್ತ ಹೋದರೆ ಕಂದು ಸಿಪ್ಪೆ ಸವೆದು ಬಿಳಿ ಬರುತ್ತದೆ. ಬೀಜ ಬಿಸಿಯಾಗಿ ಬೆರಳು ಚುರ್ ಎನ್ನುತ್ತದೆ, ಆ ಬಿಸಿಯನ್ನು ತಮ್ಮನ ತೋಳಿಗೆ ಒತ್ತುವುದೂ ಆಟದ್ದೇ ಒಂದು ಭಾಗ. ಹತ್ತು ಹದಿನೈದು ನಿಮಿಷ ಇದರಲ್ಲೇ ಹೋಗುತ್ತದೆ. ಕಾಯಿಗಳಿಗೆ ಅಕ್ಕನದು ಕಡಲೆಕಾಳು, ತಮ್ಮನದು ಶರ್ಟಿನ ಗುಂಡಿ, ಅಜ್ಜಿಯದು ಬಳೆಚೂರು, ಅಪ್ಪನದು ಪೆನ್ನಿನ ಮುಚ್ಚಳ.

ನಾಲ್ಕು ಬೀಜ ಬೀಳುವ ಬಗೆ ಹದಿನಾರು. ಎರಡು ಬೀಳುವುದೇ ಹೆಚ್ಚು, ಹದಿನಾರರಲ್ಲಿ ಆರು ಸಲ. ಒಂದಕ್ಕೂ ಮೂರಕ್ಕೂ ನಾಲ್ಕು ನಾಲ್ಕು ಸಲ. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕೂ ಕಂದು ಬಿದ್ದರೆ ಬಾರ, ಅಂದರೆ ಎಂಟು, ಇವೆರಡೂ ಹದಿನಾರಕ್ಕೊಂದು. ಚೌಕವೋ ಬಾರವೋ ಬಿದ್ದರೆ ಇನ್ನೊಂದು ಗರ. ಕೈಯಿಂದ ಉರುಳಿಸಿದವರೇ ಆದರೂ ಎಷ್ಟು ಬೀಳಬೇಕು ಎಂಬುದು ಅವರ ಕೈಯಲ್ಲಿಲ್ಲ. ಆದರೆ ಬಿದ್ದ ಮೂರನ್ನು ನಾಲ್ಕು ಕಾಯಿಗಳಲ್ಲಿ ಯಾವುದಕ್ಕೆ ಕೊಡಬೇಕು? ಹಣ್ಣಾಗಲು ಹತ್ತಿರವಾದ ಕಾಯನ್ನು ನಡೆಸುವುದೋ, ಅಪ್ಪನ ಪೆನ್ನಿನ ಮುಚ್ಚಳವನ್ನು ಕಡಿಯುವುದೋ, ಅಪಾಯದಲ್ಲಿರುವುದನ್ನು ಕಟ್ಟೆಗೆ ಸೇರಿಸುವುದೋ? ಅಲ್ಲಿಂದಾಚೆ ಎಲ್ಲವೂ ನಡೆಸುವವರ ಪಾಲು. ಹಲವು ಕಡೆ ಇನ್ನೊಂದು ಕಟ್ಟಳೆಯೂ ಇದೆ: ಒಂದಾದರೂ ಕಾಯಿ ಕಡಿಯದವರಿಗೆ ಒಳಗಿನ ಸುತ್ತಿಗೆ ಪ್ರವೇಶವಿಲ್ಲ. ಅಹಿಂಸೆಯ ಪಾಠ ಹೇಳಲು ಹೊರಟವರು ಈ ಆಟದ ಕಡೆ ತಲೆಹಾಕದಿರುವುದು ಕ್ಷೇಮ.

ಯೋಗವಾಸಿಷ್ಠದಲ್ಲಿ ವಸಿಷ್ಠರು ರಾಮನಿಗೆ ದೈವ, ಪೌರುಷಗಳ ವಿಚಾರವನ್ನು ಹೇಳುವಾಗ ಎರಡು ಟಗರುಗಳ ಕಾಳಗವನ್ನು ಹೋಲಿಕೆಗೆ ತರುತ್ತಾರೆ. ಹಿಂದಿನ ಪ್ರಯತ್ನ ಒಂದು ಟಗರು, ಇಂದಿನ ಪ್ರಯತ್ನ ಇನ್ನೊಂದು. ಯಾವುದಕ್ಕೆ ಬಲ ಹೆಚ್ಚೋ ಅದು ಗೆಲ್ಲುತ್ತದೆ. ದೈವ ಎಂದು ಬೇರೆ ಏನೂ ಇಲ್ಲ ಎಂಬಷ್ಟು ದೂರ ಹೋಗುತ್ತಾರೆ ವಸಿಷ್ಠರು. ಚೌಕಾಬಾರದ ಮುಂದೆ ಕೂತವರು ಅಷ್ಟು ದೂರ ಹೋಗಲಾರರು. ಕೈಮುಚ್ಚಿ, ಬೀಜಗಳಿಗೆ ಉಫ್ ಎಂದು ಊದಿ, ಕಣ್ಣುಮುಚ್ಚಿ 'ಬಾರಾ' ಎಂದು ಕೂಗುವ ಐದು ವರ್ಷದವನು ದೈವವನ್ನು ನಂಬುತ್ತಾನೆ. ಬೀಜ ಬಿದ್ದ ಮೇಲೆ ಮೂರು ನಿಮಿಷ ಗಲ್ಲಕ್ಕೆ ಕೈಕೊಟ್ಟು ಯೋಚಿಸುವ ಅಕ್ಕ ಪೌರುಷವನ್ನು ನಂಬುತ್ತಾಳೆ. ಇಬ್ಬರೂ ಒಂದೇ ನೆಲದ ಮೇಲೆ ಕೂತಿದ್ದಾರೆ.

ದೈವಕ್ಕೆ ಒಂದಿಷ್ಟೂ ಜಾಗ ಕೊಡದ ಆಟವೂ ಇದೆ. ಘಟ್ಟದ ಮೇಲೆ ಅಳಗುಳಿಮಣೆ, ತುಳುನಾಡಿನಲ್ಲಿ ಚೆನ್ನೆಮಣೆ. ಎರಡು ಸಾಲು, ಸಾಲಿಗೆ ಏಳು ಗುಳಿ. ದಾಳವಿಲ್ಲ, ಕವಡೆಯಿಲ್ಲ; ಯಾವ ಗುಳಿಯ ಕಾಳನ್ನು ಎತ್ತಿ ಹಂಚುತ್ತ ಹೋದರೆ ಎಲ್ಲಿ ನಿಲ್ಲುತ್ತದೆ ಎಂಬ ಲೆಕ್ಕವಷ್ಟೇ. ಗೆದ್ದರೆ ಬುದ್ಧಿಯ ಗೆಲುವು, ಸೋತರೆ ಬುದ್ಧಿಯ ಸೋಲು. ನೆಪ ಹೇಳಲು ವಿಧಿ ಸಿಗುವುದಿಲ್ಲ. ತುಳುವರು ಇದನ್ನು ಆಡುವುದು ಆಟಿ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ. ಕರಾವಳಿಯಲ್ಲಿ ಹೊರಗೆ ಕಾಲಿಡಲಾಗದಂತೆ ಮಳೆ ಹೊಯ್ಯುವ ಕಾಲ, ಗದ್ದೆಯ ಕೆಲಸ ಮುಗಿದು ಕೈ ಬರಿದಾಗಿರುವ ಕಾಲ. ಆಟಿ ಕಳೆದ ಮೇಲೆ ಚೆನ್ನೆಮಣೆ ಅಟ್ಟ ಸೇರಬೇಕು. ಒಡಹುಟ್ಟಿದವರು ಎದುರುಬದುರು ಕೂತು ಆಡಬಾರದು ಎಂಬ ನಂಬಿಕೆಯೂ ಇದೆ.

ಆ ನಂಬಿಕೆಯ ಹಿಂದೆ ತುಳುವರು ಹಾಡಿಕೊಂಡು ಬಂದ ಸಿರಿ ಪಾಡ್ದನವಿದೆ. 1998ರಲ್ಲಿ ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ಪ್ರಕಟಿಸಿದ, ಗೋಪಾಲ ನಾಯ್ಕರು ಹಾಡಿದ ಪಾಠದಲ್ಲಿ ಅದು 15,683 ಸಾಲು. ಸತ್ಯನಾಪುರದ ಸಿರಿಯಿಂದ ತೊಡಗಿ ಮಗಳು ಸೊನ್ನೆಗೆ, ಸೊನ್ನೆಯ ಅವಳಿ ಹೆಣ್ಣುಮಕ್ಕಳು ಅಬ್ಬಗ, ದಾರಗರಿಗೆ ಕಥೆ ಇಳಿಯುತ್ತದೆ. ಹರಕೆಯಿಂದ ಹುಟ್ಟಿದ ಮಕ್ಕಳು ಅವರು. ಹೆತ್ತವರು ಆ ಹರಕೆಯನ್ನು ಮರೆತವರು. ದೊಡ್ಡವರು ಮನೆಯಲ್ಲಿಲ್ಲದ ಒಂದು ದಿನ ಹುಡುಗಿಯರು ಚೆನ್ನೆಮಣೆ ತೆಗೆದು ಆಡಲು ಕೂರುತ್ತಾರೆ. ಸೋಲು ಗೆಲುವಿಗೆ ಮಾತು ಬೆಳೆಯುತ್ತದೆ. ಒಬ್ಬಳು ಇನ್ನೊಬ್ಬಳ ತಲೆಗೆ ಅದೇ ಮಣೆಯಿಂದ ಹೊಡೆಯುತ್ತಾಳೆ. ಸತ್ತವಳನ್ನು ಬಾವಿಗೆ ಹಾಕಿ ತಾನೂ ಹಾರುತ್ತಾಳೆ. ಹಾಡುವವರಿಂದ ಹಾಡುವವರಿಗೆ ವಿವರ ಬದಲಾಗುತ್ತದೆ, ಮಣೆ ಮತ್ತು ಬಾವಿ ಬದಲಾಗುವುದಿಲ್ಲ. ಹಿರಿಯಡ್ಕ, ಕವತ್ತಾರು ಮೊದಲಾದ ಕಡೆ ವರ್ಷಕ್ಕೊಮ್ಮೆ ನಡೆಯುವ ಸಿರಿ ಜಾತ್ರೆಗಳಲ್ಲಿ ಹಿಂಗಾರ ಹಿಡಿದು ಸಾಲಾಗಿ ನಿಂತ ಹೆಂಗಸರ ಮೈಮೇಲೆ ಸಿರಿ ಬರುತ್ತಾಳೆ, ಸೊನ್ನೆ ಬರುತ್ತಾಳೆ, ಅಬ್ಬಗ ದಾರಗರೂ ಬರುತ್ತಾರೆ.

ಮಳೆ ದಿನದ ಆಟವೊಂದು ಇಷ್ಟು ದೂರ ಹೋದ ಕಥೆ ಬೇರೆಲ್ಲಾದರೂ ಇದೆಯೋ ಏನೋ. ಆಟ ನಿರುಪದ್ರವಿ, ಮಕ್ಕಳ ಪಾಡಿಗೆ ಬಿಟ್ಟರಾಯಿತು ಎನ್ನುವವರಿಗೂ ಈ ಪಾಡ್ದನ ಒಪ್ಪುವುದಿಲ್ಲ. ಆಟದಿಂದ ಬುದ್ಧಿ ಬೆಳೆಯುತ್ತದೆ ಎನ್ನುವವರಿಗೂ ಒಪ್ಪುವುದಿಲ್ಲ. ಲೆಕ್ಕದಲ್ಲಿ ಪಳಗಿದ ಹುಡುಗಿಯರೇ ಅವರು. ಮಣೆಯ ಆಚೆಗಿನದೇನೋ ಮಣೆಯ ಮೇಲೆ ಬಂದು ಕೂತಿತು, ಕಾಳಿನ ಲೆಕ್ಕ ಮಾನದ ಲೆಕ್ಕವಾಯಿತು.

ಕೌರವ ಸಭೆಯಲ್ಲಿ ನಡೆದದ್ದೂ ಇದೇ ಜಾತಿಯದು. ನಾಲ್ಕು ಯುಗಗಳಿಗೆ ಕೃತ, ತ್ರೇತಾ, ದ್ವಾಪರ, ಕಲಿ ಎಂಬ ಹೆಸರು ಬಂದದ್ದು ಹಳೆಯ ಪಗಡೆಯ ಗರಗಳಿಂದ. ಕಾಲವನ್ನೇ ದಾಳದ ಮಾತಿನಲ್ಲಿ ಎಣಿಸಿದ ಸಂಸ್ಕೃತಿ ನಮ್ಮದು. ಎಲ್ಲೋರದ ಗುಹೆಗಳಲ್ಲಿ ಶಿವ ಪಾರ್ವತಿಯರು ಪಗಡೆ ಆಡುತ್ತ ಕೂತಿದ್ದಾರೆ. ಅಲ್ಲೂ ಜಗಳವಿದೆ, ಮುನಿಸಿದೆ. ಗಣಗಳಿಗೂ ನಂದಿಗೂ ಅದು ತಮಾಷೆ. ಹಸ್ತಿನಾವತಿಯಲ್ಲಿ ಅದೇ ಆಟ ರಾಜ್ಯವನ್ನೂ ತಮ್ಮಂದಿರನ್ನೂ ಹೆಂಡತಿಯನ್ನೂ ಪಣಕ್ಕೆ ತಂದಿತು. ದಾಳದಲ್ಲಿ ವ್ಯತ್ಯಾಸವಿರಲಿಲ್ಲ. ಶಕುನಿಗೆ ಆಟದಿಂದ ಒಂದು ಪ್ರಯೋಜನ ಬೇಕಿತ್ತು.

ಪಣ ಎಂದರೆ ಪ್ರಯೋಜನವೇ. ಗೆದ್ದರೆ ಸಿಗಬೇಕಾದದ್ದು ಆಟದ ಹೊರಗಿದ್ದರೆ ಅದು ಪಣ. ಹಾಗೆ ನೋಡಿದರೆ ಮಳೆ ದಿನದ ಸಲಹೆಗಳಲ್ಲಿ ಏಕಾಗ್ರತೆ, ಬುದ್ಧಿಮತ್ತೆ, ಬೆರಳ ಚುರುಕು ಎಂದು ಬರೆದಿರುವುದೆಲ್ಲ ಸಭ್ಯ ಪಣಗಳು. ದುಡ್ಡಿನ ಜಾಗದಲ್ಲಿ ಮಗುವಿನ ನಾಳೆಯನ್ನು ಇಟ್ಟಿದೆ, ಅಷ್ಟೆ. ಮಗುವಿಗೂ ಇದರ ವಾಸನೆ ಹತ್ತುತ್ತದೆ. ಅಮ್ಮ ಕಾಳು ಬೇರೆ ಮಾಡಿಸುತ್ತಿರುವುದು ಕಾಳಿಗಾಗಿ ಅಲ್ಲ ಎಂದು ತಿಳಿದ ಗಳಿಗೆಯಲ್ಲೇ ಅದಕ್ಕೆ ಬೇಸರ ಶುರು. ಅದೇ ಮಗು, ನಾಳೆಯ ಪಲ್ಯಕ್ಕೆ ನಿಜಕ್ಕೂ ಅವರೆಕಾಯಿ ಸುಲಿಯುತ್ತಿರುವ ಅಜ್ಜಿಯ ಪಕ್ಕ ಕೂತು ಒಂದು ಗಂಟೆ ಅಲುಗಾಡುವುದಿಲ್ಲ. ಕೆಲಸ ಕೆಲಸವಾಗಿದ್ದರೂ ಸರಿ, ಆಟ ಆಟವಾಗಿದ್ದರೂ ಸರಿ; ಆಟದ ವೇಷ ಹಾಕಿದ ಪಾಠ ಮಾತ್ರ ಬೇಡ ಎನ್ನುವುದರಲ್ಲಿ ಮಕ್ಕಳು ಮಧ್ವರ ಪಕ್ಷ.

ಇಲ್ಲಿ ಒಬ್ಬ ರಾಜನನ್ನು ನೆನೆಯದಿದ್ದರೆ ತಪ್ಪಾಗುತ್ತದೆ. ಶಂಕರರ ರಾಜ ಬಯಸಿದ್ದೆಲ್ಲ ಸಿಕ್ಕಿದ್ದರಿಂದ ಆಡಿದವನು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರದು ಅದಕ್ಕೆ ತಿರುವು ಮುರುವು. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡರು. 1868ರಲ್ಲಿ ತೀರಿಕೊಳ್ಳುವವರೆಗೆ 37 ವರ್ಷ ಅವರು ಆಳಲು ರಾಜ್ಯವಿಲ್ಲದ ರಾಜ. ಆ ಉದ್ದನೆಯ ಮಳೆಗಾಲದಲ್ಲಿ ಅವರು ಮಾಡಿದ್ದೇನು? ಹೊಸ ಹೊಸ ಆಟಗಳನ್ನು ಕಟ್ಟಿದರು. ಅವರ ಗ್ರಂಥ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ದೇವತೆಗಳು, ಗ್ರಹಗಳು, ಆಗಮಗಳೆಲ್ಲ ಮುಗಿದ ಮೇಲೆ ಕೊನೆಯದು, ಆಟಗಳಿರುವ ಕೌತುಕನಿಧಿ. ಚದುರಂಗದ ಕುದುರೆಯನ್ನು 64 ಮನೆಗಳಲ್ಲೂ ಒಂದೊಂದೇ ಸಲ ಓಡಿಸುವ ದಾರಿಗಳನ್ನು ಹುಡುಕಿದರು, ಗಂಜೀಫಾ ಎಲೆಗಳನ್ನು ಬರೆಸಿದರು, ಜಗನ್ಮೋಹನ ಅರಮನೆಯ ಗೋಡೆಯ ಮೇಲೂ ಆಟದ ಪಟಗಳನ್ನು ಬಿಡಿಸಿಟ್ಟರು. ಪ್ರಯೋಜನ? ರಾಜ್ಯವನ್ನು ಅದು ಮರಳಿ ತರಲಿಲ್ಲ. ಇಂದು ಮೈಸೂರಿಗೆ ಹೋದವರು ಆ ಪಟಗಳ ಮುಂದೆ ನಿಂತು, ಇದನ್ನು ಆಡುವುದು ಹೇಗೆ ಎಂದು ತಲೆ ಕೆರೆದುಕೊಳ್ಳುತ್ತಾರೆ.

ಮೂರನೇ ಮಹಡಿಯ ಆ ಮನೆಗೆ ತಿರುಗಿ ಬಂದರೆ ಮಳೆಗೆ ಇನ್ನೂ ಬಿಡುವಿಲ್ಲ. ಕರೆಂಟು ಹೋಗಿ ಗಂಟೆಯಾಗಿದೆ, ಅಪಾರ್ಟ್‌ಮೆಂಟಿನ ಜನರೇಟರ್ ಲಿಫ್ಟಿಗಷ್ಟೇ ಸಾಕಾಗುತ್ತಿದೆ. ಮೇಣದ ಬತ್ತಿಯ ಬೆಳಕಿನಲ್ಲಿ ಸೀಮೆಸುಣ್ಣದ ಗೆರೆ ಅರ್ಧ ಅಳಿಸಿಹೋಗಿದೆ. ತಮ್ಮ ಅದರ ಮೇಲೇ ಮಂಡಿಯೂರಿ ಕೂತಿದ್ದಾನೆ. ಅಕ್ಕನ ಮೂರು ಕಾಯಿ ಹಣ್ಣಾಗಿವೆ, ಇನ್ನೊಂದಕ್ಕೆ ಬೇಕಾದದ್ದು ಬರೀ ಎರಡು. ಹದಿನಾರರಲ್ಲಿ ಆರು ಸಲ ಬೀಳುವ ಆ ಎರಡು ನಾಲ್ಕು ಸರದಿಯಿಂದ ಬಿದ್ದಿಲ್ಲ. ತಮ್ಮ ಬೀಜಗಳಿಗೆ ಊದಿ ಬಿಡುತ್ತಾನೆ. ಬಾರ. ಇನ್ನೊಂದು ಗರ ಹಾಕುತ್ತಾನೆ. ಅದು ಎರಡೋ ಮೂರೋ ಎಂಬುದರ ಬಗ್ಗೆ ತಕರಾರು ಎದ್ದಿದೆ, ಏಕೆಂದರೆ ಒಂದು ಬೀಜ ಸೋಫಾದ ಕಾಲಿಗೆ ಒರಗಿ ಓರೆಯಾಗಿ ನಿಂತಿದೆ. "ಬಿಳಿ!" "ಕಂದು!" ಅಜ್ಜಿ ಕನ್ನಡಕ ತಡಕುತ್ತಿದ್ದಾರೆ. ಅಪ್ಪ ಟಾರ್ಚ್‌ಗೆಂದು ಮೊಬೈಲ್ ಎತ್ತಿಕೊಂಡು, ಹೊಟ್ಟೆಯ ಮೇಲೆ ಮಲಗಿ, ಸೋಫಾದ ಕೆಳಗೆ ಬೆಳಕು ಬಿಡುತ್ತಾರೆ.

"ಯಾರೂ ಮುಟ್ಬೇಡಿ," ಅನ್ನುತ್ತಾರೆ. "ನೋಡ್ತೀನಿ."